ಪುಟ ಇನ್ನೂರ ಹದಿನಾಲ್ಕರ ಕೆಂಪು ಗೆರೆ

ನನ್ನ ಸೋದರಮಾವ ಮೂವತ್ತೊಂದು ವರ್ಷ ಶಾಸನಸಭೆಯಲ್ಲಿದ್ದರು. ಹೀಗೆಂದ ಕೂಡಲೇ ಕೇಳುವವರು ನೆಟ್ಟಗಾಗಿ ಕೂರುತ್ತಾರೆ. ಆದ್ದರಿಂದ ಮುಂದಿನ ಮಾತನ್ನೂ ಬೇಗ ಹೇಳಿಬಿಡುವುದು ಒಳ್ಳೆಯದು. ಅವರು ಇದ್ದದ್ದು ಸದನದಲ್ಲಲ್ಲ, ಸದನದ ಅಡಿಯಲ್ಲಿ. ಮೇಲೆ ಸದಸ್ಯರು ಮೇಜು ಕುಟ್ಟಿದರೆ ಕೆಳಗೆ ಮಾವನ ಕಾಗದಗಳ ಮೇಲೆ ಸುಣ್ಣದ ಪುಡಿ ಉದುರುತ್ತಿತ್ತು. ಉದುರಿದ ಪುಡಿಯ ಪ್ರಮಾಣ ನೋಡಿ, ಪಾಸಾದದ್ದು ಅಭಿನಂದನೆಯೋ ಖಂಡನೆಯೋ ಎಂದು ಅವರು ಹೇಳಬಲ್ಲವರಾಗಿದ್ದರು. ಖಂಡನೆಗೆ ಪುಡಿ ಜಾಸ್ತಿ.

ಅವರದು ನಿರ್ಣಯ ಶಾಖೆ. ಮೂರು ಮೇಜು, ಒಂದು ಕಬ್ಬಿಣದ ಬೀರು, ಸದನದ ಮಾತು ಕೇಳಿಸುವ ಒಂದು ಸ್ಪೀಕರ್ ಪೆಟ್ಟಿಗೆ, ಕೈಯಿಂದ ಒತ್ತುವ ಒಂದು ಭಾರಿ ಮುದ್ರೆ. ಮೇಲೊಬ್ಬರು ಸ್ಪೀಕರ್, ಕೆಳಗೊಂದು ಸ್ಪೀಕರ್. ಧ್ವನಿ ತಗ್ಗಿಸುವ ಗುಂಡಿ ಇದ್ದದ್ದು ಕೆಳಗಿನದಕ್ಕೆ ಮಾತ್ರ. ಮುದ್ರೆ ಮಾವನ ವಶದಲ್ಲಿದ್ದುದರಿಂದ ಕಚೇರಿಯಲ್ಲಿ ಅವರ ಹೆಸರೇ 'ಮುದ್ರೆ' ಎಂದಾಗಿಹೋಗಿತ್ತು. ಮನೆಯಲ್ಲಿ ನಾವು ಗೌರವ ಸೇರಿಸಿ 'ಮುದ್ರೆ ಮಾವ' ಎನ್ನುತ್ತಿದ್ದೆವು. ಭಾನುವಾರ ಊಟವಾದ ಮೇಲೆ ಮುದ್ರೆಗೂ ನಿದ್ರೆಗೂ ಒಂದೇ ಅಕ್ಷರದ ವ್ಯತ್ಯಾಸ ಎಂದು ಅತ್ತೆ ಹಂಗಿಸುತ್ತಿದ್ದರು.

ಹೊರಗಿನವರಿಗೆ ನಿರ್ಣಯವೆಂದರೆ ಸದಸ್ಯರು 'ಹೌದು' ಎಂದು ಕೂಗಿದೊಡನೆ ಮುಗಿದುಹೋದ ಸಂಗತಿ. ಮಾವನ ಪಾಲಿಗೆ ಅದು ಹುಟ್ಟುತ್ತಿದ್ದುದೇ ಆಗ. ಸದಸ್ಯರೊಬ್ಬರು ಸೂಚನೆ ಕೊಟ್ಟು, ಸಭಾಧ್ಯಕ್ಷರು ಒಪ್ಪಿ, ಮಂಡಿಸಿ, ಮತಕ್ಕೆ ಹಾಕಿ, ಅಂಗೀಕಾರವಾಯಿತೆಂದು ಘೋಷಿಸಿದ ಮೇಲೆ ಆ ಮಾತುಗಳು ಒಂದು ಚೀಟಿಯಾಗಿ ಮೆಟ್ಟಿಲಿಳಿದು ಅವರ ಮೇಜಿಗೆ ಬರುತ್ತಿದ್ದವು. ಅವರು ಅದನ್ನು ದಪ್ಪ ಕಾಗದದ ಮೇಲೆ ಶುದ್ಧಪ್ರತಿ ಮಾಡಿಸಬೇಕು. ಒಬ್ಬರು ಗಟ್ಟಿಯಾಗಿ ಓದಿ, ಇನ್ನೊಬ್ಬರು ಬೆರಳಿಟ್ಟು ನೋಡಿ ತಾಳೆ ಹಾಕಬೇಕು. ಆಮೇಲೆ ಸಭಾಧ್ಯಕ್ಷರ ಸಹಿ, ಅದರ ಪಕ್ಕ ಮುದ್ರೆ. ಮೂರು ಪ್ರತಿಗಳಲ್ಲಿ ಒಂದು ಸರ್ಕಾರಕ್ಕೆ, ಒಂದು ಸದನದ ಕಡತಕ್ಕೆ, ಮೂರನೆಯದು ನಿರ್ಣಯದಲ್ಲಿ ಯಾರ ಹೆಸರಿದೆಯೋ ಅವರಿಗೆ.

ಈ ಮೂರನೆಯ ಪ್ರತಿಯನ್ನು ಅಂಚೆಗೆ ಹಾಕುವಂತಿರಲಿಲ್ಲ. ಶಾಖೆಯವರೇ ಆ ಮನೆಗೆ ಹೋಗಬೇಕು, ನಿಂತುಕೊಂಡು ಮೊದಲಿಂದ ಕೊನೆಯವರೆಗೆ ಓದಬೇಕು, ಕೊಟ್ಟು, 'ತಲುಪಿಸಿದ ಪುಸ್ತಕ'ದಲ್ಲಿ ಅವರ ಸಹಿ ತರಬೇಕು. ಸಹಿ ಬಾರದಿದ್ದರೆ ಪಕ್ಕದ ಷರಾ ಕಾಲಮಿನಲ್ಲಿ ಕಾರಣ ಬರೆಯಬೇಕು. ಮುಂದಿನ ಅಧಿವೇಶನದ ಮೊದಲ ದಿನ ಆ ಪುಸ್ತಕದ ನಕಲನ್ನು ಕಾರ್ಯದರ್ಶಿ ಸದನದ ಮುಂದೆ ಇಡಬೇಕು. ಯಾರೂ ಓದುವುದಿಲ್ಲ, ಆ ಮಾತು ಬೇರೆ. ಆದರೆ ಷರಾದಲ್ಲಿ ಬರೆದ ಸುಳ್ಳು ಸದನಕ್ಕೇ ಹೇಳಿದ ಸುಳ್ಳು ಎಂಬ ಭಯ ಶಾಖೆಯಲ್ಲಿ ಎಲ್ಲರಿಗೂ ಇತ್ತು.

ಮಾವ ಹೀಗೆ ನೂರಾರು ಮನೆಗಳ ಮೆಟ್ಟಿಲು ಹತ್ತಿದ್ದರು. ಸತ್ತವರ ಮನೆಯಲ್ಲಿ ಸಂತಾಪ ಓದಿದ್ದರು, ಗೆದ್ದವರ ಮನೆಯಲ್ಲಿ ಅಭಿನಂದನೆ ಓದಿದ್ದರು. ಎರಡಕ್ಕೂ ಒಂದೇ ಮುಖ, ಒಂದೇ ಧ್ವನಿ. ಆದರೆ ಒಂದು ಮನೆಗೆ ಹೋಗುವುದನ್ನು ಮಾತ್ರ ಅವರು ಮೂರು ವಾರ ಮುಂದೂಡಿದರು. ಅದರ ಕಥೆಯನ್ನು ನಿವೃತ್ತಿಯಾದ ಮೇಲೆ ಅವರೇ ನನಗೆ ಹೇಳಿದ್ದು, ಒಂದೇ ಸಲಕ್ಕಲ್ಲ, ನಾಲ್ಕು ಭಾನುವಾರಗಳಲ್ಲಿ, ಪ್ರತಿ ಸಲವೂ ಸ್ವಲ್ಪ ಹಿಂದಕ್ಕೆ ಹೋಗಿ.

ಮೂಲಕ್ಕೆ ಹೋಗಬೇಕೆಂದರೆ ಇಪ್ಪತ್ತೇಳು ವರ್ಷ ಹಿಂದಕ್ಕೆ ಹೋಗಬೇಕು. ಆಗ ಮಾವನದು ನಡವಳಿ ಶಾಖೆ. ಸದನದಲ್ಲಿ ಸದಸ್ಯರ ನಡವಳಿಕೆ ಹೇಗೇ ಇರಲಿ, ನಡವಳಿ ಮಾತ್ರ ಅಚ್ಚುಕಟ್ಟಾಗಿ ಅಚ್ಚಾಗಬೇಕು. ಅದೇ ಆ ಶಾಖೆಯ ಕೆಲಸ. ಶೀಘ್ರಲಿಪಿಗಾರರು ಬರೆದದ್ದು ಟೈಪಾಗಿ ಮಾವನ ಬಳಿ ಬರುತ್ತಿತ್ತು. ಸಭಾಧ್ಯಕ್ಷರು 'ಆ ಮಾತನ್ನು ಕಡತದಿಂದ ತೆಗೆಯಿರಿ' ಎಂದಿದ್ದರೆ ಮಾವ ಆ ಸಾಲುಗಳ ಮೇಲೆ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದು ಮುದ್ರಣಾಲಯಕ್ಕೆ ಕಳಿಸಬೇಕು. ಅಲ್ಲಿ ಗೆರೆ ಬಿದ್ದ ಸಾಲುಗಳನ್ನು ಬಿಟ್ಟು ಅಚ್ಚುಮೊಳೆ ಜೋಡಿಸುತ್ತಿದ್ದರು. ಪುಸ್ತಕ ಅಚ್ಚಾದ ಮೇಲೆ ಟೈಪು ಪ್ರತಿ ಪುಸ್ತಕದ ಜೊತೆಗೇ ವಾಪಸು ಬರುತ್ತಿತ್ತು. ಇದ್ದದ್ದು ಆ ಒಂದೇ ಪ್ರತಿ.

ಒಂದು ಮಧ್ಯಾಹ್ನ ಸದಸ್ಯರೊಬ್ಬರು ಇನ್ನೊಬ್ಬರನ್ನು ಎಮ್ಮೆಗೆ ಹೋಲಿಸಿ ಎರಡು ಸಾಲು ಆಡಿದರು. ಸಭಾಧ್ಯಕ್ಷರು ತೆಗೆಯಿರಿ ಎಂದರು. ಆ ಎರಡು ಸಾಲು ಟೈಪು ಪ್ರತಿಯ ಇನ್ನೂರ ಹದಿನಾಲ್ಕನೆಯ ಪುಟದಲ್ಲಿದ್ದವು. ಆ ಪ್ರತಿ ಕೈಗೆ ಬಂದ ದಿನ ಮಾವ ಇನ್ನೂರನೆಯ ಪುಟದವರೆಗೆ ನೋಡಿ, ಉಳಿದದ್ದು ನಾಳೆ ಎಂದು ಎದ್ದರು. ಕಾರಣ ಮಹತ್ತರವಾದದ್ದೇನಲ್ಲ: ಮ್ಯಾಟಿನಿಗೆ ಟಿಕೆಟ್ ತೆಗೆದಿಟ್ಟಿದ್ದರು. ಮಾರನೆಯ ದಿನ ಮುದ್ರಣಾಲಯದ ಗಾಡಿ ಎಂದಿಗಿಂತ ಒಂದು ಗಂಟೆ ಮುಂಚೆ ಬಂದು, ಇವರು ಕಚೇರಿ ತಲುಪುವ ಮೊದಲೇ ಕಟ್ಟು ಎತ್ತಿಕೊಂಡು ಹೋಗಿತ್ತು. ಮಾವ ಗಾಬರಿಯಾದರು. ಫೋನು ಮಾಡಬಹುದಿತ್ತು. ಮಾಡಿದರೆ ಸಿನಿಮಾದ ಸಂಗತಿ ಹೊರಗೆ ಬರುತ್ತದೆ. ಯಾರ ಕಣ್ಣಿಗೂ ಬೀಳಲಾರದು ಎಂದು ತಮ್ಮನ್ನೇ ಸಮಾಧಾನ ಮಾಡಿಕೊಂಡರು.

ಪುಸ್ತಕ ಬಂದ ಮೊದಲ ದಿನವೇ ಎಮ್ಮೆ ಎನಿಸಿಕೊಂಡವರ ಕಣ್ಣಿಗೇ ಬಿತ್ತು. ಕಡತದಿಂದ ತೆಗೆದ ಮಾತು ಅಚ್ಚಾಗುವುದೆಂದರೆ ಸದನಕ್ಕೆ ಅವಮಾನ. ಗಲಾಟೆಯಾಯಿತು, ಹಕ್ಕುಚ್ಯುತಿ ಎಂದರು. ಆಗಿನ ಕಾರ್ಯದರ್ಶಿ ಮಾವನನ್ನು ಕರೆದು, ಆ ಪುಟದಲ್ಲಿ ಗುರುತು ಹಾಕಿದ್ದಿರಾ ಎಂದು ಕೇಳಿದರು. ಮಾವ ಹಾಕಿದ್ದೆ ಎಂದರು. ಪ್ರತಿ ತನ್ನಿ ಎಂದರು. ಮಾವ ಬೀರುವಿನ ಬಳಿ ಹೋಗಿ, ಬಾಗಿಲು ಅರ್ಧ ತೆರೆದು ಅದರ ಮರೆಯಲ್ಲಿ ನಿಂತು, ಸ್ಕೇಲು ಇಟ್ಟು ಎರಡು ಕೆಂಪು ಗೆರೆ ಎಳೆದರು. ಕೆಲಸ ಅರ್ಧ ನಿಮಿಷದ್ದು. ಆ ಅರ್ಧ ನಿಮಿಷವನ್ನು ವಿವರಿಸಲು ಅವರಿಗೆ ಒಂದು ಇಡೀ ಭಾನುವಾರ ಬೇಕಾಯಿತು.

ತಪ್ಪು ಮುದ್ರಣಾಲಯದ ತಲೆಗೆ ಬಂತು. ಆ ಪುಟ ಜೋಡಿಸಿದವರು ಅಲ್ಲಿನ ಹಿರಿಯ ಮೊಳೆ ಜೋಡಣೆಗಾರ. ಹದಿನೆಂಟು ವರ್ಷದಲ್ಲಿ ಅವರ ಪುಟದಲ್ಲಿ ಒಂದೂ ತಪ್ಪು ಸಿಕ್ಕಿರದ ಕಾರಣ ಎಲ್ಲರೂ ಅವರನ್ನು 'ಹದ್ದುಗಣ್ಣು' ಎಂದು ಕರೆಯುತ್ತಿದ್ದರು. ಅವರನ್ನು ಸದನದ ಕಟಕಟೆಗೆ ಕರೆಸಿ, ಗೆರೆ ಇರುವ ಪುಟ ತೋರಿಸಿ, ಇದು ಕಾಣಲಿಲ್ಲವೇ ಎಂದು ಕೇಳಿದರು. ಅವರು ಪುಟವನ್ನು ತುಂಬ ಹೊತ್ತು ನೋಡಿದರು. ಆಮೇಲೆ, ಇದೆ, ನಾನೇ ನೋಡಿಲ್ಲ ಎಂದರು. ಸದನ ಛೀಮಾರಿ ನಿರ್ಣಯ ಪಾಸು ಮಾಡಿತು. ನಿರ್ಣಯ ಶಾಖೆಯವರು ಕಾಯಿಲೆ ರಜೆಯಲ್ಲಿದ್ದರು. ಕಾಗದಪತ್ರ ನಿನ್ನ ಬಳಿಯೇ ಇದೆಯಲ್ಲ, ನೀನೇ ಹೋಗಿ ಓದಿ ಕೊಟ್ಟು ಬಾ ಎಂದು ಮಾವನನ್ನೇ ಕಳಿಸಿದರು. ಮಾವ ಹೋಗಿ ಓದಿ ಕೊಟ್ಟು ಸಹಿ ತಂದರು.

ಅದಾದ ಎರಡು ತಿಂಗಳಿಗೆ ಅವರು ವರ್ಗ ಕೇಳಿ ನಿರ್ಣಯ ಶಾಖೆಗೆ ಬಂದರು. ಅಲ್ಲಿ ಕೆಂಪು ಪೆನ್ಸಿಲಿನ ಕೆಲಸವಿಲ್ಲ, ಅದೊಂದೇ ಕಾರಣಕ್ಕೆ. ಆಮೇಲಿನ ಇಪ್ಪತ್ತೇಳು ವರ್ಷದಲ್ಲಿ ಅವರ ಕೆಲಸದಲ್ಲಿ ಒಂದು ಅಲ್ಪವಿರಾಮವೂ ಆಚೀಚೆ ಆಗಲಿಲ್ಲ. ಹೊಗಳುವವರು ಹೊಗಳಿದರು. ಹೊಗಳಿಕೆ ಬಂದಾಗಲೆಲ್ಲ ಮಾವ ಎದ್ದು ನೀರು ಕುಡಿಯಲು ಹೋಗುತ್ತಿದ್ದುದನ್ನು ನಾವೆಲ್ಲ ವಿನಯ ಎಂದುಕೊಂಡಿದ್ದೆವು.

ಅವರ ನಿವೃತ್ತಿಗೆ ಎರಡು ತಿಂಗಳಿರುವಾಗ ಸದನದ ವಾರ್ಷಿಕೋತ್ಸವ ಬಂತು. ವಕೀಲಿ ಮಾಡುತ್ತಿದ್ದ ಒಬ್ಬ ಹೊಸ ಸದಸ್ಯರು ಗ್ರಂಥಾಲಯದ ಧೂಳು ಕುಡಿದು, ಸದನ ಇದುವರೆಗೆ ಐದು ಮಂದಿ ಹೊರಗಿನವರಿಗೆ ಛೀಮಾರಿ ಹಾಕಿದೆ, ನಾಲ್ವರು ತೀರಿಕೊಂಡಿದ್ದಾರೆ, ಉಳಿದವರು ಒಬ್ಬರೇ ಎಂದು ಪತ್ತೆ ಮಾಡಿದರು. ಐದನ್ನೂ ಹಿಂಪಡೆಯೋಣ ಎಂದು ನಿರ್ಣಯ ಮಂಡಿಸಿದರು. ಯಾರೂ ವಿರೋಧಿಸಲಿಲ್ಲ. ಸ್ಪೀಕರ್ ಪೆಟ್ಟಿಗೆಯಲ್ಲಿ ಎಲ್ಲವೂ ನಾಲ್ಕು ನಿಮಿಷದಲ್ಲಿ ಮುಗಿಯಿತು. ಸುಣ್ಣದ ಪುಡಿ ಅಷ್ಟಾಗಿ ಉದುರಲಿಲ್ಲ. ಚೀಟಿ ಕೆಳಗೆ ಬಂತು. ಅದರಲ್ಲಿ ಹೀಗಿತ್ತು: 'ಸದರಿಯವರಿಂದ ಅಂದು ಆದ ತಪ್ಪನ್ನು ಈ ಸದನವು ತುಂಬು ಮನಸ್ಸಿನಿಂದ ಕ್ಷಮಿಸಿ, ನೀಡಿದ್ದ ಛೀಮಾರಿಯನ್ನು ಹಿಂಪಡೆಯುತ್ತದೆ.'

ಸದನ ಒಪ್ಪಿದ ಮಾತಿನಲ್ಲಿ ಒಂದಕ್ಷರ ಬದಲಿಸುವ ಹಕ್ಕು ಶಾಖೆಗಿಲ್ಲ. ಮಾವ ಶುದ್ಧಪ್ರತಿ ಮಾಡಿಸಿದರು. ಎದುರು ಮೇಜಿನವರು ಗಟ್ಟಿಯಾಗಿ ಓದುವಾಗ ತಾವು ಬೆರಳಿಟ್ಟು ನೋಡಿದರು. 'ಆದ ತಪ್ಪನ್ನು' ಎಂಬಲ್ಲಿ ಬೆರಳು ನಿಂತಿತು. ಏನಾದರೂ ಬಿಟ್ಟುಹೋಯಿತಾ ಎಂದು ಎದುರಿನವರು ಕೇಳಿದರು. ಇಲ್ಲ, ಎಲ್ಲ ಸರಿಯಾಗಿದೆ ಎಂದು ಮಾವ ಮುದ್ರೆ ಒತ್ತಿದರು.

ಮೊದಲ ವಾರ ಅವರು ಆ ಮನೆಯ ಬೀದಿಯ ತಿರುವಿನವರೆಗೆ ಹೋಗಿ ಹಿಂತಿರುಗಿದರು. ಷರಾದಲ್ಲಿ 'ಮನೆಗೆ ಬೀಗ' ಎಂದು ಬರೆದರು. ಎರಡನೆಯ ವಾರ ತಿರುವಿನವರೆಗೂ ಹೋಗಲಿಲ್ಲ. ಷರಾದಲ್ಲಿ ಮತ್ತೆ 'ಮನೆಗೆ ಬೀಗ'. ಮೂರನೆಯ ವಾರ ಕಾರ್ಯದರ್ಶಿಯವರು ಕರೆಸಿದರು. ಈಗಿನ ಕಾರ್ಯದರ್ಶಿ ಮಾವನಿಗಿಂತ ಹತ್ತು ವರ್ಷ ಚಿಕ್ಕವರಾದ ಹೆಂಗಸು. ಕೋಪವನ್ನು ನಗುವಿನಲ್ಲಿ ಸುತ್ತಿ ಕೊಡುವವರು. ಎಂಬತ್ತರ ಹತ್ತಿರದ ಮನುಷ್ಯ, ಹೋದರೆ ಬರುವುದಿಲ್ಲ, ಅಧಿವೇಶನ ಇನ್ನು ಹತ್ತು ದಿನ, ನಾಳೆಯೂ ಬೀಗ ಇದ್ದರೆ ನಾನೇ ಸುತ್ತಿಗೆ ಹಿಡಿದು ಬರುತ್ತೇನೆ ಎಂದರು.

ಮಾವ ಹೋದದ್ದು ಹಾಗೆ.

ಸೈಕಲ್ ರಿಪೇರಿ ಅಂಗಡಿಯ ಪಕ್ಕ, ಒಬ್ಬರು ಇಳಿದರೆ ಇನ್ನೊಬ್ಬರು ಕಾಯಬೇಕಾದಷ್ಟು ಕಿರಿದಾದ ಮೆಟ್ಟಿಲು. ಮೇಲೆ ಒಂದೇ ದೊಡ್ಡ ಕೋಣೆ. ಕಿಟಕಿಗೆ ಅಂಟಿಕೊಂಡು ಹೊಲಿಗೆ ಯಂತ್ರ, ಅದರ ಮುಂದೆ ಹದ್ದುಗಣ್ಣಿನವರ ಮಗಳು. ಆಕೆ ಬಟ್ಟೆ ಹೊಲಿದು ಮನೆ ನಡೆಸುತ್ತಿದ್ದರು. ಇಡೀ ದಿನ ಆ ಕಿಟಕಿಯಲ್ಲಿ ಕೂರುವ ಹೆಂಗಸಿನ ಮನೆಗೆ ಬೀಗ ಹೇಗೆ ಬೀಳುತ್ತದೆ ಎಂದು ಮಾವನಿಗೆ ಅನ್ನಿಸಿದ್ದು ಆಗಲೇ. ಹದ್ದುಗಣ್ಣಿನವರು ಗೋಡೆ ಬದಿಯ ಕುರ್ಚಿಯಲ್ಲಿದ್ದರು. ಮಡಿಕೆಯ ಗೆರೆ ಇನ್ನೂ ಮಾಸದ ಬಿಳಿ ಅಂಗಿ ಹಾಕಿಕೊಂಡಿದ್ದರು, ಕುತ್ತಿಗೆಯ ಗುಂಡಿಯೂ ಸೇರಿ.

"ಬನ್ನಿ ಸಾರ್," ಎಂದರು ಮಗಳು. "ಪೇಪರ್‌ನಲ್ಲಿ ಬಂದು ಮೂರು ವಾರ ಆಯ್ತು. ಆವತ್ತೇ ಅಪ್ಪಂಗೆ ಅಂಗಿ ಹೊಲಿದುಕೊಟ್ಟೆ. ದಿನಾ ಬೆಳಿಗ್ಗೆ ಹಾಕ್ಕೊಂಡು ಕೂರ್ತಾರೆ, ಸಾಯಂಕಾಲ ಬಿಚ್ಚಿಡ್ತಾರೆ. ಇಸ್ತ್ರಿ ಮಾಡಿ ಮಾಡಿ ನನ್ನ ತೋಳು ಬಿದ್ದುಹೋಯ್ತು. ನಿಮ್ಮ ಸದನ ಏನು ತೆವಳ್ಕೊಂಡು ಬಂತಾ?"

ಅಂಗೀಕಾರವಾದ ನಿರ್ಣಯಕ್ಕೆಂದು ಅಂಗಿ ಹೊಲಿಸಿಕೊಂಡವರನ್ನು ಮಾವ ತಮ್ಮ ಸರ್ವಿಸಿನಲ್ಲಿ ನೋಡಿರಲಿಲ್ಲ. ಅವರು ಲಕೋಟೆಯಿಂದ ಕಾಗದ ತೆಗೆದರು. ಅಷ್ಟರಲ್ಲಿ ಮುದುಕರು ಕುರ್ಚಿಯ ಕೈ ಹಿಡಿದು ಎದ್ದು ನಿಂತಿದ್ದರು. ಕೂತೇ ಕೇಳಬಹುದು ಎಂದರೆ ಕೇಳಲಿಲ್ಲ. ಮಾವನನ್ನು ದಿಟ್ಟಿಸಿ ನೋಡಿ, "ಆವತ್ತೂ ನೀವೇ ಅಲ್ವಾ ಬಂದಿದ್ದು? ಓದುವಾಗ ಒಂದೇ ಸಾಲನ್ನ ಎರಡು ಸಲ ಓದಿದ್ರಿ. ಪಾಪ, ಕೆಲಸಕ್ಕೆ ಹೊಸಬ್ರು, ನನ್ನಿಂದ ಇವ್ರಿಗೂ ಕಷ್ಟ ಅಂದ್ಕೊಂಡೆ," ಎಂದರು.

ಮಾವ ಓದಿದರು. ನಿರ್ಣಯ ಹದಿನಾಲ್ಕು ಸಾಲಿನದು. ಅದು ನಲವತ್ತು ಸಾಲಿನಷ್ಟು ಉದ್ದವಾಗಿತ್ತು ಎಂದು ಅವರು ನನಗೆ ಹೇಳಿದ್ದಾರೆ. ಮುದುಕರು ತಲೆ ತಗ್ಗಿಸಿ ಕೇಳಿದರು. ಮುಗಿದ ಮೇಲೆ ಕೂತು, ಎರಡೂ ಅಂಗೈಯಿಂದ ಮುಖ ಒರೆಸಿಕೊಂಡು, ನಕ್ಕರು. ಅವರಿಗೆ ನಿಜವಾಗಿ ಸಂತೋಷವಾಗಿತ್ತು. ಮಾವ ತಯಾರಾಗಿ ಬಂದಿದ್ದು ಕೋಪಕ್ಕೆ. ಬೈದರೆ ತಲೆ ತಗ್ಗಿಸುವುದು, ಕಾಗದ ಎಸೆದರೆ ಎತ್ತಿಕೊಳ್ಳುವುದು ಎಂದೆಲ್ಲ ಯೋಚಿಸಿಕೊಂಡಿದ್ದರು. ಈ ನಗುವನ್ನು ಯೋಚಿಸಿರಲಿಲ್ಲ.

ಮುದುಕರು ಮಾತಿಗೆ ತೊಡಗಿದರು. ಆ ಗೆರೆ ತನ್ನ ಕಣ್ಣಿಗೆ ಹೇಗೆ ಬೀಳಲಿಲ್ಲ ಎಂಬುದು ಇವತ್ತಿಗೂ ಅರ್ಥವಾಗಿಲ್ಲ ಎಂದರು. ಎಷ್ಟು ಸ್ಪಷ್ಟವಾದ ಗೆರೆ, ಸ್ಕೇಲಿಟ್ಟು ಎಳೆದದ್ದು. ಕಟಕಟೆಯಿಂದ ಇಳಿದವರು ನೇರ ಮುದ್ರಣಾಲಯಕ್ಕೆ ಹೋಗಿ, ಇನ್ನು ಮೊಳೆ ಮುಟ್ಟುವುದಿಲ್ಲ ಎಂದು ಬರೆದುಕೊಟ್ಟರಂತೆ. ಉಳಿದ ಸರ್ವಿಸು ಉಗ್ರಾಣದಲ್ಲಿ ಕಾಗದದ ರೀಮು ಎಣಿಸುವುದರಲ್ಲಿ ಕಳೆಯಿತು. ಅದನ್ನೂ ಮೂರು ಮೂರು ಸಲ ಎಣಿಸುತ್ತಿದ್ದರಂತೆ.

"ಮೂರು ಸಲ," ಎಂದರು ಮಗಳು, ಸೂಜಿಯಿಂದ ಕಣ್ಣೆತ್ತದೆ. "ಬಾಗಿಲ ಚಿಲಕ ಮೂರು ಸಲ. ಒಲೆ ಆರಿದೆಯಾ ಅಂತ ಮೂರು ಸಲ. ನಾನು ಚಿಕ್ಕೋಳಿದ್ದಾಗ ಜ್ವರ ಬಂದ್ರೆ ಔಷಧಿ ಬಾಟ್ಲಿ ಹಿಡ್ಕೊಂಡು ಪಕ್ಕದ ಮನೆಗೆ ಓಡೋರು, ಎಷ್ಟು ಚಮಚ ಅಂತ ಓದಿ ಹೇಳಿ, ನನ್ನ ಕಣ್ಣು ನಂಬೋಕಾಗಲ್ಲ ಅಂತ. ಪಕ್ಕದ ಮನೆಯವ್ರಿಗೆ ಅಕ್ಷರಾನೇ ಬರ್ತಿರ್ಲಿಲ್ಲ. ಅವ್ರು ಅಂದಾಜಿಗೆ ಹೇಳೋರು."

ಇದನ್ನು ಆಕೆ ತಮಾಷೆಯಾಗಿಯೇ ಹೇಳಿದ್ದು. ಮುದುಕರೂ ನಕ್ಕರು. ಮಾವನೂ ನಗಬೇಕಾಗಿತ್ತು, ಅಲ್ಲಿ ನಗು ಇದ್ದದ್ದು ಅವರಿಗೂ ಸೇರಿಸಿಯೇ. ಅವರು ತಲುಪಿಸಿದ ಪುಸ್ತಕ ತೆರೆದು, ಸಹಿಯ ಜಾಗ ತೋರಿಸಿ, ಪೆನ್ನು ಕೊಟ್ಟರು.

ಈಗ ಎಲ್ಲವೂ ಸರಿಹೋಗುವುದರಲ್ಲಿತ್ತು. ಸಹಿ ಬಿದ್ದರೆ ಸದನಕ್ಕೆ ಸಮಾಧಾನ, ಮುದುಕರಿಗೆ ನೆಮ್ಮದಿ, ಮಗಳಿಗೆ ಇಸ್ತ್ರಿಯಿಂದ ಮುಕ್ತಿ, ಮಾವನಿಗೆ ಒಂದು ತಿಂಗಳಲ್ಲಿ ಹಾರ, ಶಾಲು, ನಾಲ್ಕು ಒಳ್ಳೆಯ ಮಾತು. ನಷ್ಟ ಯಾರಿಗೂ ಇಲ್ಲ. ಒಬ್ಬ ಮನುಷ್ಯ ತನ್ನ ಕಣ್ಣು ತನಗೆ ಮೋಸ ಮಾಡಿತೆಂದು ನಂಬಿಕೊಂಡೇ ಸಾಯುತ್ತಾನೆ, ಅಷ್ಟೇ. ಮುದುಕರು ಪೆನ್ನು ಹಿಡಿದು, ಕಾಲಮನ್ನು ಒಮ್ಮೆ ನೋಡಿ, ಮತ್ತೊಮ್ಮೆ ನೋಡಿ, ಮಗಳ ಕಡೆ ತಿರುಗಿ, ಇಲ್ಲೇ ತಾನೇ ಹಾಕಬೇಕಾದ್ದು, ಸ್ವಲ್ಪ ನೋಡಿ ಹೇಳು ಎಂದರು.

ಮಾವ ಆ ಕಾಲಮಿನ ಮೇಲೆ ಅಂಗೈ ಇಟ್ಟರು.

"ಸಹಿ ಹಾಕಬೇಡಿ," ಎಂದರು.

ಇಬ್ಬರೂ ಅವರನ್ನು ನೋಡಿದರು.

"ಗೆರೆ ಇರಲಿಲ್ಲ. ನಿಮ್ಮ ಕೈಗೆ ಬಂದಾಗ ಆ ಪುಟದಲ್ಲಿ ಗೆರೆ ಇರಲಿಲ್ಲ. ಹಾಕಬೇಕಾದವನು ನಾನು, ಹಾಕದೆ ಹೋಗಿದ್ದೆ. ಪುಸ್ತಕ ಅಚ್ಚಾಗಿ ಬಂದು ಗಲಾಟೆ ಆದ ಮೇಲೆ ಎಳೆದೆ. ಅದನ್ನೇ ನಿಮಗೆ ತೋರಿಸಿದ್ದು."

ಹೊಲಿಗೆ ಯಂತ್ರ ನಿಂತಿತು. ಮುದುಕರು ಪೆನ್ನಿನ ಮುಚ್ಚಳ ಹಾಕಿದರು.

"ಇನ್ನೂರ ಹದಿನಾಲ್ಕನೇ ಪುಟದಲ್ಲಾ?"

"ಹೌದು."

"ಗೆರೆ ಇರಲಿಲ್ಲ."

"ಇರಲಿಲ್ಲ."

"ಇನ್ನೊಂದು ಸಲ ಹೇಳಿ."

ಮಾವ ಇನ್ನೊಂದು ಸಲ ಹೇಳಿದರು. ಅದು ಮೂರನೆಯ ಸಲ. ಮುದುಕರು ಮಗಳ ಕಡೆ ತಿರುಗಿ, "ಕಣ್ಣು ಸರಿಯಾಗೇ ಇತ್ತಂತೆ ಕಣಮ್ಮ," ಎಂದರು. ಯಾರದೋ ಸಾವಿನ ಸುದ್ದಿ ತಿಳಿಸುವ ಹಾಗೆ ಅದನ್ನು ಹೇಳಿದರು. ಮಗಳು ಎದ್ದು ಬಂದು ಅಪ್ಪನ ಕುರ್ಚಿಯ ಹಿಂದೆ ನಿಂತರು. ಆಕೆಯ ನಾಲಿಗೆ ಚುರುಕು ಎಂಬುದನ್ನು ಮಾವ ಆಗಲೇ ಕಂಡಿದ್ದರು. ಈಗ ಬೈಯಲಿ ಎಂದು ಕಾದರು.

ಮುದುಕರು ನಿರ್ಣಯದ ಕಾಗದವನ್ನು ಎತ್ತಿ, ಮಡಿಕೆಗುಂಟ ನೀಟಾಗಿ ಮಡಿಸಿ, ಲಕೋಟೆಯೊಳಗಿಟ್ಟು ಮಾವನ ಮುಂದೆ ಸರಿಸಿದರು.

"ಇದು ನನಗೆ ಬಂದಿದ್ದಲ್ಲ ಸಾರ್. ತಪ್ಪು ಮಾಡಿದೋರಿಗೆ ಅಂತ ಬರೆದಿದೆ. ನೀವೇ ಸಹಿ ಹಾಕಿ ಇಟ್ಕೊಳ್ಳಿ."

ಮಾವ ಏನೋ ಹೇಳಲು ಹೊರಟರು. ಕ್ಷಮಿಸಿ ಎಂಬ ಮಾತೇ ಇರಬೇಕು. ಆದರೆ ಅದನ್ನು ಆಗಷ್ಟೇ ಸಭಾಧ್ಯಕ್ಷರ ಸಹಿಯೊಂದಿಗೆ ಅದೇ ಬಾಯಿಂದ ಓದಿ ಮುಗಿಸಿದ್ದರಿಂದ ಮತ್ತೆ ಆಡಲು ಬಾಯಿ ಬರಲಿಲ್ಲ. "ಹೊರಡಿ ಸಾರ್," ಎಂದರು ಮಗಳು. "ಮೆಟ್ಟಿಲಲ್ಲಿ ಹುಷಾರು, ಮೂರನೇದು ಸಡಿಲ ಇದೆ." ಹಾಳಾಗಿ ಹೋಗಿ ಎಂದಿದ್ದರೆ ವಾಸಿಯಿತ್ತು ಎಂದು ಮಾವ ನನ್ನ ಮುಂದೆ ಎರಡು ಸಲ ಹೇಳಿದ್ದಾರೆ.

ಕಚೇರಿಗೆ ಬಂದು ಅವರು ತಲುಪಿಸಿದ ಪುಸ್ತಕ ತೆರೆದರು. ನಾನು ಓದಿದ ಕಾನ್ವೆಂಟಿನ ಚರ್ಚಿನಲ್ಲಿ ತಪ್ಪು ಒಪ್ಪಿಕೊಳ್ಳುವುದಕ್ಕೆ ಮರದ ಗೂಡು, ಜಾಲರಿ, ಪರದೆ ಎಲ್ಲ ಇತ್ತು. ಶಾಸನಸಭೆಯಲ್ಲಿ ಅದಕ್ಕಿರುವುದು ಎರಡು ಬೆರಳಗಲದ ಷರಾ ಕಾಲಮು. ಮಾವ ಅದರಲ್ಲಿ ಚಿಕ್ಕ ಅಕ್ಷರದಲ್ಲಿ, ಹಾಕಿಕೊಟ್ಟ ಗೆರೆ ದಾಟದೆ ಬರೆದರು: 'ಸ್ವೀಕರಿಸಲು ನಿರಾಕರಿಸಿದ್ದಾರೆ. ಕಾರಣ, ತಪ್ಪು ಅವರದಲ್ಲ. ಪುಟ 214ರ ಗುರುತನ್ನು ಮುದ್ರಣವಾದ ನಂತರ ಹಾಕಿದವನು ಕೆಳಗೆ ಸಹಿ ಮಾಡಿರುವ ಈ ಶಾಖೆಯ ನೌಕರ. ಹಿಂದಿನ ಎರಡು ಷರಾಗಳಲ್ಲಿ ಮನೆಗೆ ಬೀಗ ಎಂದಿರುವುದೂ ಸುಳ್ಳು.' ಕೆಳಗೆ ಸಹಿ, ದಿನಾಂಕ.

ಕಾರ್ಯದರ್ಶಿ ಅದನ್ನು ಓದಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ಓದಿದರು. ಇನ್ನೊಂದು ತಿಂಗಳಲ್ಲಿ ಮನೆಗೆ ಹೋಗುವವರು ಹೀಗೆಲ್ಲ ಮಾಡುತ್ತಾರಾ, ಬರೀ 'ನಿರಾಕರಿಸಿದ್ದಾರೆ' ಎಂದು ಇಡೋಣ, ಪುಟ ಹೊಸದಾಗಿ ಬರೆಯಿರಿ ಎಂದರು. ಪುಟಗಳಿಗೆ ನಂಬರಿದೆ ಮೇಡಂ ಎಂದರು ಮಾವ. ಆಕೆ ಪುಸ್ತಕ ಮುಚ್ಚಿ, ನಂಬರಿದೆ, ಹೌದು ಎಂದರು.

ಅಧಿವೇಶನದ ಮೊದಲ ದಿನ ಅದನ್ನು ಸದನದ ಮುಂದಿಟ್ಟರು. ಯಾರೂ ಓದದ ಕಾಗದಗಳ ಜೊತೆ ಅದೂ ಹೋಗಿಬಿಡುತ್ತಿತ್ತು. ಆದರೆ ಕಾರ್ಯದರ್ಶಿ ಆ ಷರಾವನ್ನು ಮೊದಲೇ ವಕೀಲ ಸದಸ್ಯರಿಗೆ ತೋರಿಸಿದ್ದರು. ಅವರು ಎದ್ದು ಅದನ್ನು ಓದಿದರು. ಮಾವ ಕೆಳಗೆ ಸ್ಪೀಕರ್ ಪೆಟ್ಟಿಗೆಯ ಮುಂದೆ ಎದ್ದು ನಿಂತು ಕೇಳಿದರು. ಆಮೇಲೆ ಹಿರಿಯ ಸದಸ್ಯರೊಬ್ಬರು, ಪಾಪ, ಹಳೆಯ ನೌಕರ, ತಾನಾಗಿ ಒಪ್ಪಿಕೊಂಡಿದ್ದಾನೆ, ಇಷ್ಟು ವರ್ಷದ ಮೇಲೆ ಅವನನ್ನು ಎಳೆದಾಡುವುದು ಬೇಡ ಎಂದರು. ಹೌದು ಹೌದು ಎಂದು ಎಲ್ಲ ಕಡೆಯಿಂದ ಕೇಳಿಸಿತು. ಆಡಳಿತದವರೂ ವಿರೋಧದವರೂ ಆ ವರ್ಷ ಒಪ್ಪಿಕೊಂಡ ಏಕೈಕ ಸಂಗತಿ ಅದು. ಹಳೆಯ ಮಾತುಗಳನ್ನು ತೆಗೆದು, 'ಸದರಿಯವರಿಂದ ಯಾವ ತಪ್ಪೂ ಆಗಿರಲಿಲ್ಲ. ಅವರಿಗೆ ಮಾಡಿದ ಅನ್ಯಾಯಕ್ಕೆ ಈ ಸದನವು ವಿಷಾದಿಸುತ್ತದೆ' ಎಂದು ಹೊಸ ನಿರ್ಣಯ ಪಾಸಾಯಿತು.

ಮಾವ ಆ ಸಂಜೆ ಕಾರ್ಯದರ್ಶಿಯ ಬಳಿ ಹೋಗಿ, ನನಗೂ ಛೀಮಾರಿ ಆಗಬೇಕಿತ್ತಲ್ಲ ಎಂದು ಕೇಳಿದರಂತೆ. ಅದಕ್ಕೆ ಸದಸ್ಯರು ಯಾರಾದರೂ ಸೂಚನೆ ಕೊಡಬೇಕು, ಯಾರೂ ಕೊಟ್ಟಿಲ್ಲ ಎಂದು ಆಕೆ ಹೇಳಿದರು. ಹೊರಗಿನವನು ಮಾಡದ ತಪ್ಪಿಗೆ ಒಂದು ಮಧ್ಯಾಹ್ನದಲ್ಲಿ ಛೀಮಾರಿ ಹಾಕಿದ ಸದನ, ಒಳಗಿನವನು ಮಾಡಿದ ತಪ್ಪನ್ನು ಒಂದು ಉಸಿರಿನಲ್ಲಿ ಬಿಟ್ಟುಕೊಟ್ಟಿತು. ಮಾವನಿಗೆ ಹಾರ, ಶಾಲು ಕೂಡ ಬಂದವು. ಶಾಲನ್ನು ಅವರು ಮುದುಕರು ವಾಪಸು ಕೊಟ್ಟ ಲಕೋಟೆಯ ಜೊತೆ ಹಾಗೇ ಕಚೇರಿಯ ಬೀರುವಿನಲ್ಲಿ ಬಿಟ್ಟು ಬಂದರು. ಈ ವಿಷಯಕ್ಕೆ ಅತ್ತೆ ಒಂದು ವಾರ ಮಾತು ಬಿಟ್ಟಿದ್ದರು. ಒಳಗಿನ ಕಥೆ ತಿಳಿದ ಮೇಲೆ ಇನ್ನೊಂದು ವಾರ.

ಹೊಸ ನಿರ್ಣಯವನ್ನು ತಲುಪಿಸುವ ಕೆಲಸ ಮಾವನ ಜಾಗಕ್ಕೆ ಬಂದ ಹೆಂಗಸಿಗೆ ಬಿತ್ತು. ಟೈಪಿಂಗ್ ಶಾಖೆಯಲ್ಲಿ ಇಪ್ಪತ್ತು ವರ್ಷ ಇದ್ದವರು, ಮಾತು ಕಡಿಮೆ. ತಲುಪಿಸಿದ ದಿನವೇ, ಮಧ್ಯಾಹ್ನ ಹನ್ನೆರಡರ ಹೊತ್ತಿಗೆ, ಅವರು ಮಾವನ ಮನೆಗೆ ಬಂದರು. ನಾನೂ ಅಲ್ಲಿದ್ದೆ. ಅತ್ತೆ ಟೀ ಕೊಟ್ಟರು. ಆಕೆ ನಿಧಾನವಾಗಿ ಕುಡಿಯುತ್ತ ಹೇಳಿದ್ದು ಇಷ್ಟು: ಮುದುಕರು ಬನಿಯನ್ನಿನಲ್ಲೇ ಇದ್ದರು, ಎದ್ದು ನಿಂತು ಕೇಳಿದರು. ಕಾಗದ ಕೈಗೆ ತೆಗೆದುಕೊಂಡು ತಾವೇ ಒಂದು ಸಲ ಓದಿದರು. ನಾಲ್ಕನೆಯ ಸಾಲಿನಲ್ಲಿ ಪುಟ ಸಂಖ್ಯೆ 241 ಎಂದು ಬಿದ್ದಿತ್ತು. ಶಾಖೆಯಲ್ಲಿ ಇಬ್ಬರು ತಾಳೆ ಹಾಕಿ ನೋಡಿದ್ದರೂ ಕಣ್ಣಿಗೆ ಬಿದ್ದಿರಲಿಲ್ಲ. ಅವರು ಪೆನ್ನು ಕೇಳಿ, ಅಂಚಿನಲ್ಲಿ ಪ್ರೂಫು ತಿದ್ದುವವರ ಗುರುತು ಹಾಕಿ, 214 ಎಂದು ಬರೆದರು. ಮಗಳನ್ನು ಏನೂ ಕೇಳದೆ ನೇರ ಸಹಿಯ ಜಾಗಕ್ಕೆ ಹೋಗಿ ಸಹಿ ಹಾಕಿದರು.

ಮಾವ ಕೇಳುತ್ತಲೇ ಇದ್ದರು. ಆಕೆ ಲೋಟ ಕೆಳಗಿಟ್ಟಾಗ, "ನನ್ನ ವಿಷಯ ಏನಾದ್ರೂ ಕೇಳಿದ್ರಾ?" ಎಂದರು.

"ಇಲ್ಲ."

"ಮಗಳು?"

"ಇಲ್ಲ ಸಾರ್. ನಿಮ್ಮ ಹೆಸರು ಬರಲಿಲ್ಲ."

ಮಾವ ತಲೆಯಾಡಿಸಿದರು. ಇನ್ನೊಂದು ಲೋಟ ಟೀ ಆಗಬಹುದಾ ಎಂದು ಅತ್ತೆ ಕೇಳಿದ್ದಕ್ಕೆ ಆಕೆ ಬೇಡವೆಂದು ಎದ್ದರು. ಚೀಲದಲ್ಲಿ ಇನ್ನೂ ಎರಡು ಲಕೋಟೆ ಇದ್ದವು. ಒಂದು ಸಂತಾಪ, ಒಂದು ಅಭಿನಂದನೆ, ಎರಡೂ ಪಟ್ಟಣದ ಆ ಕೊನೆಗೆ. ಮಾವ ಗೇಟಿನವರೆಗೆ ಹೋಗಿ ಯಾವ ಬಸ್ಸು ಹಿಡಿಯಬೇಕೆಂದು ಹೇಳಿದರು. ಬಸ್ಸು ಕಣ್ಮರೆಯಾದ ಮೇಲೂ ಅವರು ಅಲ್ಲೇ ನಿಂತಿದ್ದರು. ಊಟಕ್ಕೆ ಬನ್ನಿ ಎಂದು ಅತ್ತೆ ಎರಡು ಸಲ ಕೂಗಿದರು, ಆಮೇಲೆ ನನಗೆ ಬಡಿಸಿದರು.